ತಂಬೂರಿಯ ಸೌಂಡು ಇಳಿದದ್ದು

ರಾಣೆಬೆನ್ನೂರಿನ ಸಂಗೀತ ಮಾಸ್ತರರೊಬ್ಬರು ಪಾಠಕ್ಕೆ ತಂಬೂರಿ ಶ್ರುತಿಯನ್ನು ಹಳೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಹಚ್ಚುತ್ತಿದ್ದರು. ಬಂದ್ ಮಾಡಿ ಚಾಲೂ ಮಾಡಿದರೆ ಸಾಕು, ಸೌಂಡು ಏರಿಸಿ ಇಳಿಸುವ ಮಿಕ್ಸರ್ ಪ್ರೋಗ್ರಾಮಿನಲ್ಲಿ ಇಟ್ಟ ಸೌಂಡು ಸೊನ್ನೆಗೆ ಇಳಿಯುತ್ತಿತ್ತು. ಕಂಪ್ಯೂಟರ್ ರಿಪೇರಿ ಮಾಡುವ ನಾನು ಹೋಗಿ ಅದನ್ನು ಪೂರ್ತಿ ಏರಿಸಿ, ಮಷೀನು ಮರೆಯದಂತೆ ಸೇವ್ ಮಾಡಿ ಬಂದೆ.

ಎಂಟು ದಿನಕ್ಕೆ ಮತ್ತೆ ಮಾಸ್ತರರ ಫೋನು ಬಂತು. "ಮತ್ತ ಇಳದೈತ್ರಿ. ಲಗೂ ಬರ್ರಿ."

ಹೋದರೆ, ಓಣಿಯ ತಿರುವಿಗೇ ತಂಬೂರಿ ಕೇಳುತ್ತಿತ್ತು. ಒಳಗೆ ಸ್ಪೀಕರು ನಡುಗುತ್ತಿತ್ತು. ಕಲಿಯಲು ಬಂದ ಹುಡುಗಿಯರು ಮುಖ ಕಿವುಚಿಕೊಂಡು ಕುಳಿತಿದ್ದರು. ಮಾಸ್ತರರು ಸ್ಪೀಕರಿಗೆ ಕಿವಿ ಹಚ್ಚಿ, "ಹಿಂಗ ಹಚ್ಚಿದ್ರ ಒಂಚೂರು ಕೇಳತೈತಿ ನೋಡ್ರಿ. ಈ ಮಷೀನಿಗೆ ನೆನಪ ಉಳಿಯಂಗಿಲ್ಲ," ಅಂದರು.

ತೆರೆಯ ಮೇಲೆ ಸೌಂಡು ನೂರಕ್ಕೆ ನೂರು ಇತ್ತು. ಖರೇ ಹೇಳಲು ನನಗೆ ಬಾಯಿ ಬರಲಿಲ್ಲ. ಅದನ್ನೇ ಇನ್ನೊಮ್ಮೆ ಸೇವ್ ಮಾಡಿ, ಅವರಿಗೆ ಕೇಳುವಂತೆ ಕೂಗಿದೆ: "ಹೌದ್ರಿ ಮಾಸ್ತರ, ತಪ್ಪು ಮಷೀನಿಂದೇ."

ಚಪ್ಪಲಿ ಮೆಟ್ಟುವಾಗ ಹುಡುಗಿಯೊಬ್ಬಳು ಹಿಂದೆ ಬಂದಳು. ಸೌಂಡು ಇಳಿಸಲು ಹೇಳುತ್ತಾಳೆ ಅಂದುಕೊಂಡೆ. "ಕಡಿಮಿ ಮಾಡಬ್ಯಾಡ್ರಿ ಅಣ್ಣಾರ," ಅಂದಳು ಮೆಲ್ಲಗೆ. "ನಾಳಿಂದ ನಾವು ಕಿವ್ಯಾಗ ಹತ್ತಿ ಇಟಗೊಂಡ ಬರತೀವಿ."

ಕಿವಿಗೆ ಹತ್ತಿ ತುರುಕಿಕೊಂಡು ಸಂಗೀತ ಕಲಿಯುವ ಕ್ಲಾಸು ನಮ್ಮ ಜಿಲ್ಲೆಯಲ್ಲಿ ಅದೊಂದೇ ಇರಬೇಕು.