ಎದೆಬಡಿತ ಕಳಿಸುವ ಡಬ್ಬಿ

ನಮ್ಮ ಶೆಡ್ಡಿನ ಯಜಮಾನರ ಎದೆಯ ಮೇಲೆ ಮೂರು ಕಡೆ ಬಿಲ್ಲೆಯಗಲ ಬೋಳಾಗಿತ್ತು. ಅಂಗಿಯ ಮೇಲಿನ ಗುಂಡಿಗಳನ್ನು ಹಾಕುತ್ತಲೇ ಇರಲಿಲ್ಲವಾದ್ದರಿಂದ, ಅಂಟುಪಟ್ಟಿ ಕಿತ್ತು ಕೆಂಪಗಾದ ಆ ಚರ್ಮ ಎಲ್ಲರಿಗೂ ಕಾಣುತ್ತಿತ್ತು.

ಎಂಬತ್ತರ ದಶಕದ ಮಾತು. ನಮ್ಮ ಹೊಲ ಪೀಣ್ಯದ ಕಾರ್ಖಾನೆಗಳ ಪಾಲಾದ ಮೇಲೆ ನಾನು ಅವರಲ್ಲಿ ಕೆಲಸಕ್ಕೆ ಸೇರಿದ್ದೆ. ಸಾಲ್ಡರಿಂಗ್ ಕಲಿಸಿದವರು ಅವರೇ. ಹೃದ್ರೋಗಿಗಳು ಎದೆಗೆ ಕಟ್ಟಿಕೊಳ್ಳುವ ಡಬ್ಬಿ ಮಾಡುತ್ತಿದ್ದೆವು. ಅದು ಎದೆಬಡಿತವನ್ನು ರೇಡಿಯೋದ ಹಾಗೆ ಗಾಳಿಯಲ್ಲೇ ಕಳಿಸುತ್ತಿತ್ತು. ದೂರದ ಪರದೆಯ ಮೇಲೆ ಹಸಿರು ಗೆರೆ ಏರಿಳಿಯುತ್ತಿತ್ತು.

"ತಂತಿ ಕಟ್ಟಿ ಮಲಗಿಸಿದ್ರೆ ಇರೋ ಧೈರ್ಯಾನೂ ಹೋಗುತ್ತೆ ಕಣಮ್ಮ. ಎದ್ದು ಓಡಾಡ್ಬೇಕು," ಎನ್ನುತ್ತಿದ್ದರು. ಪ್ರತಿ ಡಬ್ಬಿಯನ್ನೂ ಮೊದಲು ತಾವೇ ಕಟ್ಟಿಕೊಂಡು ಬೀದಿಯ ಕೊನೆಯವರೆಗೆ ಹೋಗಿಬರುತ್ತಿದ್ದರು. ಪಕ್ಕದಲ್ಲಿ ವೆಲ್ಡಿಂಗ್ ಶುರುವಾದರೆ ಗೆರೆ ಕಲಸಿಹೋಗುತ್ತಿತ್ತು. ಆಗ ವೆಲ್ಡರನ್ನು ಟೀ ಕುಡಿಯಲು ಕರೆದುಕೊಂಡು ಹೋಗಿಬಿಡುತ್ತಿದ್ದರು.

ಒಂದು ದಿನ ಅವರು ಡಬ್ಬಿ ಕಟ್ಟಿಕೊಂಡಿದ್ದಾಗ, ವೆಲ್ಡಿಂಗ್ ಇಲ್ಲದಿದ್ದರೂ ಗೆರೆ ನಡುನಡುವೆ ತಪ್ಪತೊಡಗಿತು. ಬ್ಯಾಟರಿ ಬದಲಾಯಿಸಿದೆ. ಡಬ್ಬಿಯನ್ನೇ ಬದಲಾಯಿಸಿದೆ. ಹಾಗೇ ಇತ್ತು. ಒಳಕೋಣೆಗೆ ಹೋಗಿ ನನಗೇ ಕಟ್ಟಿಕೊಂಡು ನೋಡಿದೆ, ಗೆರೆ ಎಲ್ಲೂ ತಪ್ಪದೆ ಏರಿಳಿಯುತ್ತಿತ್ತು. ಹೊರಬಂದು ಡಬ್ಬಿಯನ್ನು ಅವರ ಮುಂದಿಟ್ಟೆ.

"ಗೊತ್ತಾಯ್ತು ಬಿಡು," ಎಂದರು. "ಮನೇಲಿ ನಾನೇ ಹೇಳ್ತೀನಿ."

ಹೇಳಿದರು. ನಮ್ಮ ಡಬ್ಬಿಗಳನ್ನು ಕೊಂಡಿದ್ದ ಆಸ್ಪತ್ರೆಗೇ ಸೇರಿದರು. ಯಂತ್ರ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ನಾನು ದಿನವೂ ಹೋಗುತ್ತಿದ್ದೆ. ಅವರು ಡಬ್ಬಿ ಕಟ್ಟಿಕೊಂಡು ವರಾಂಡದಲ್ಲಿ ಅಡ್ಡಾಡುತ್ತ ಬೇರೆ ರೋಗಿಗಳನ್ನು ಮಾತಾಡಿಸುತ್ತಿದ್ದರು.

ಒಂದು ಮಧ್ಯಾಹ್ನ ಸಿಸ್ಟರ್ ಮೇಜಿನ ಪಕ್ಕ ಕೂತಿದ್ದೆ. ಪರದೆಯ ಗೆರೆ ಕದಡಿತು, ಆಮೇಲೆ ಚಪ್ಪಟೆಯಾಯಿತು.

"ಡಬ್ಬಿ ಕೆಟ್ಟೋಯ್ತಾ?" ಎಂದು ಸಿಸ್ಟರ್ ಕೇಳಿದರು.

"ಇಲ್ಲ ಸಿಸ್ಟರ್. ಸಾರ್ ಕಿಟಕಿ ಹತ್ರ ಇದಾರೆ, ಬೇಗ ಹೋಗಿ," ಎಂದೆ. ನನ್ನ ದನಿ ಎಂದಿನಂತೆಯೇ ಇತ್ತು.

ಅವರು ಓಡಿದರು. ಡಾಕ್ಟರು ಬಂದು ಎದೆ ಒತ್ತಿದರು. ಬಹಳ ಹೊತ್ತು ಒತ್ತಿದರು. ಗೆರೆ ಮತ್ತೆ ಏಳಲಿಲ್ಲ. ನಾನು ಪರದೆ ಆರಿಸಿದೆ. ಅಳು ಬರಲಿಲ್ಲ.

ಅಷ್ಟರಲ್ಲಿ ಅವರ ಹೆಂಡತಿ ಊಟದ ಕ್ಯಾರಿಯರ್ ಹಿಡಿದು ಬಂದರು. ಒಳಗೆ ಹೋಗಿ ನೋಡಿದರು. ತುಂಬ ಹೊತ್ತಿನ ಮೇಲೆ ಹೊರಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತರು.

"ನೀನೂ ಏನೂ ತಿಂದಿಲ್ಲ ಅನ್ಸುತ್ತೆ," ಎಂದು ಕ್ಯಾರಿಯರ್ ಬಿಚ್ಚಿ ನನ್ನ ಮುಂದಿಟ್ಟರು. ಬೇಡವೆನ್ನಲು ತೋಚಲಿಲ್ಲ. ಅನ್ನ, ಸಾರು, ಪಲ್ಯ ಎಲ್ಲವನ್ನೂ ತಿಂದೆ.

"ಉಪ್ಪು ಹಾಕಿರ್ಲಿಲ್ಲಮ್ಮ," ಎಂದರು, ಖಾಲಿ ಡಬ್ಬಗಳನ್ನು ಜೋಡಿಸುತ್ತ. "ಅವ್ರಿಗೆ ಅಂತ ಮಾಡಿದ್ದು."

ನನಗೆ ಗೊತ್ತೇ ಆಗಿರಲಿಲ್ಲ.