ಮೂರನೇ ಕೈ

ಹೋದ ವಾರ ಪಕ್ಕದ ಮನೆಯ ಅತ್ತೆ ಬೇಲಿಯ ಆಚೆಯಿಂದಲೇ ಒಂದು ಪ್ಲಾಸ್ಟಿಕ್ ಚೀಲ ಚಾಚಿದರು. "ಶೆಡ್ ಖಾಲಿ ಮಾಡ್ತಾ ಇದೀವಿ ಕಣಮ್ಮ. ಇದು ನಿಂದಂತೆ, ಮೇಲೆ ಬರ್ದಿಟ್ಟವ್ರೆ" ಎಂದರು. ಒಳಗೆ ಬಣ್ಣದ ಸಣ್ಣ ಡಬ್ಬಿಯೊಂದಿತ್ತು. ಅದರ ಮೇಲೆ ಏನು ಬರೆದಿದೆ ಎಂದು ನಾನು ನೋಡಲಿಲ್ಲ. ಚೀಲದ ಬಾಯಿ ಬಿಚ್ಚಿದ ಕೂಡಲೇ ಥಿನ್ನರ್ ವಾಸನೆ ಮೂಗಿಗೆ ಬಡಿಯಿತು, ಅಷ್ಟಕ್ಕೇ ಕಟ್ಟಿಬಿಟ್ಟೆ. ಉಗ್ರಾಣದ ಮೂಲೆಗೆ ತಳ್ಳಿ ಕೆಲಸಕ್ಕೆ ಹೋದೆ. ಆದರೆ ವಾಸನೆ ದಿನವಿಡೀ ಕೈಯಲ್ಲೇ ಇತ್ತು...

ನಾನು ಎಸ್ಟೇಟ್ ಆಫೀಸಿನಲ್ಲಿ ರೈಟರ್. ಕತೆ ಬರೆಯುವ ರೈಟರ್ ಅಲ್ಲ, ಆಳುಗಳ ಹಾಜರಿ ಬರೆಯುವ ರೈಟರ್. ಆಳುಗಳ ಯಾವ ಲೈನ್ ಮನೆಯಿಂದ ಎಷ್ಟು ಜನ ಕಾಫಿ ಪಿಕ್ಕಿಂಗಿಗೆ ಬಂದರು ಎಂದು ಕಂಪ್ಯೂಟರಿಗೆ ಹಾಕುತ್ತೇನೆ. ಕಂಪ್ಯೂಟರ್ ಕೆಟ್ಟರೆ ಪೇಟೆಯಿಂದ ಯಾರೋ ಬಂದು ರಿಪೇರಿ ಮಾಡುತ್ತಾರೆ. ಅವರು ಸ್ಕ್ರೂ ಬಿಚ್ಚುವಾಗ ನಾನು ಬೇಕೆಂದೇ ಆಚೆ ಹೋಗಿ ನಿಲ್ಲುತ್ತೇನೆ. ಆ ಸ್ಕ್ರೂ ಬಿಚ್ಚಬೇಕಾಗಿದ್ದವಳು ನಾನು, ಅದನ್ನು ಕಣ್ಣಾರೆ ನೋಡುವ ತಾಳ್ಮೆ ನನಗಿಲ್ಲ.

ಅತ್ತೆಯ ಗಂಡನನ್ನು ನಾನು ಪೇಂಟರ್ ಮಾವ ಎಂದು ಕರೆಯುತ್ತಿದ್ದೆ. ಸಂಬಂಧ ಏನೂ ಇಲ್ಲ, ನಡುವೆ ಇರುವ ದಾಸವಾಳದ ಬೇಲಿಯೇ ಸಂಬಂಧ. ಸೋಮವಾರಪೇಟೆಗೆ ಹೋಗುವ ರಸ್ತೆಗೆ ತಾಗಿಕೊಂಡು ಅವರದ್ದೊಂದು ತಗಡಿನ ಶೆಡ್ ಇತ್ತು. ಸುತ್ತಲಿನ ಎಸ್ಟೇಟುಗಳ ಜೀಪುಗಳೆಲ್ಲ ನೆಗ್ಗು ತೆಗೆಸಿಕೊಳ್ಳಲು, ಬಣ್ಣ ಹೊಡೆಸಿಕೊಳ್ಳಲು ಅಲ್ಲಿಗೇ ಬರುತ್ತಿದ್ದವು. ಈ ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು. ಅವರ ಮೇಲಿನ ನನ್ನ ಸಿಟ್ಟು ತೀರಿಲ್ಲ. ಸತ್ತವರ ಬಗ್ಗೆ ಹೀಗೆಲ್ಲ ಬರೆಯಬಾರದು ಎನ್ನುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು.

ಹದಿನಾರು ವರ್ಷದ ಹಿಂದಿನ ಮಾತು. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ನಾನು ಮನೆಯಲ್ಲಿ ಕೂತಿದ್ದೆ. ಊರಿನ ಸಹಕಾರ ಸಂಘದವರು ಹೊಸ ಕಂಪ್ಯೂಟರ್ ತಂದು ಹಳೆಯದನ್ನು ಗುಜರಿಗೆ ಹಾಕಲು ಇಟ್ಟಿದ್ದರು, ಅಪ್ಪ ಕೇಳಿ ಹೊತ್ತು ತಂದರು. ಒಳಗಿನದನ್ನೆಲ್ಲ ನಾನು ಸರಿಮಾಡಿದೆ. ಹೊರಗಿನ ತಗಡಿನ ಪೆಟ್ಟಿಗೆ, ಕ್ಯಾಬಿನೆಟ್, ಮಾತ್ರ ನೋಡುವ ಹಾಗಿರಲಿಲ್ಲ. ಬಿಳಿ ಬಣ್ಣ ಹಳದಿಗೆ ತಿರುಗಿತ್ತು, ಬುಡ ತುಕ್ಕು ಹಿಡಿದಿತ್ತು, ಒಳಗೆ ಹಲ್ಲಿಯ ಮೊಟ್ಟೆಗಳಿದ್ದವು. ಪಕ್ಕದ ತಗಡಿನಲ್ಲಿ ಕಿಟಕಿ ಕತ್ತರಿಸಿ ಅಕ್ರಿಲಿಕ್ ಹಾಳೆ ಕೂರಿಸಬೇಕು, ಮೇಲೆ ದೊಡ್ಡ ಫ್ಯಾನಿಗೆ ತೂತು ಮಾಡಬೇಕು, ಆಮೇಲೆ ಹೊಸ ಬಣ್ಣ ಹೊಡೆಯಬೇಕು ಎಂದು ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಂಡು ಕ್ಯಾಬಿನೆಟ್ ಹೊತ್ತು ಮಾವನ ಶೆಡ್ಡಿಗೆ ಹೋದೆ.

ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಜೀಪಿನ ಬಾಗ್ಲು ಕಂಡಿದೀನಿ, ಲಾರಿ ಬಾಗ್ಲು ಕಂಡಿದೀನಿ. ಇದ್ಯಾವ ಗಾಡಿ ಬಾಗ್ಲಮ್ಮ?" ಎಂದು ನಕ್ಕರು. ಆ ದಿನದಿಂದ ಅದರ ಹೆಸರು ಡಬ್ಬ ಎಂದಾಯಿತು. ನನ್ನದು ಎಂದು ತಿಳಿಯಲು ಹುಡುಗಿ ಡಬ್ಬ.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು, ಮುಂದಿನದ್ದೆಲ್ಲ ನಿಂತಿರುವುದು ಅದರ ಮೇಲೆ. ಅವರು ನನ್ನ ಕೆಲಸಕ್ಕೆ ಒಂದು ದಿನವೂ ಕೈ ಹಾಕಲಿಲ್ಲ. ಮಗುಚಿದ ಡ್ರಮ್ಮಿನ ಮೇಲೆ ಕೂತು ಹೇಳಿಕೊಡುತ್ತಿದ್ದರು ಅಷ್ಟೆ. ಗ್ರೈಂಡರ್ ಹಿಡಿದದ್ದು ನಾನು, ಅಂಚನ್ನು ಅರದಿಂದ ಉಜ್ಜಿದ್ದು ನಾನು, ಪುಟ್ಟಿ ಹಾಕಿ ವಾಟರ್ ಪೇಪರಿನಲ್ಲಿ ತಿಕ್ಕಿ ತಿಕ್ಕಿ ಉಗುರು ಸವೆಸಿಕೊಂಡದ್ದು ನಾನು. ಕಿಟಕಿ ಕತ್ತರಿಸಿದ ದಿನ ತಗಡು ಜಾರಿ ಎಡಗೈ ಹೆಬ್ಬೆರಳನ್ನು ಅಡ್ಡಲಾಗಿ ಸೀಳಿತು. ಮಾವ ಮನೆಯೊಳಗೆ ಓಡಿ ಒಂದು ಹಿಡಿ ಕಾಫಿಪುಡಿ ತಂದು ಗಾಯಕ್ಕೆ ಒತ್ತಿ ಹಿಡಿದರು. ನಾಳೆಯಿಂದ ಬರಬೇಡ ಎನ್ನುತ್ತಾರೆ ಎಂದುಕೊಂಡೆ. ಅವರು ಅಂದದ್ದು ಬೇರೆ. "ಹೆದ್ರಿಕೊಂಡೆ ನೀನು, ಅದಕ್ಕೇ ಎಳೀತು. ಗಾಯ ಮಾಗ್ಲಿ, ಮತ್ತೆ ಹಿಡಿ."

ಯಾರಾದರೂ ನನ್ನನ್ನು ನಂಬಿ ಹಾಗೆ ಹೇಳಿದ್ದು ಅದೇ ಮೊದಲು.

ಫ್ಯಾನಿನ ತೂತಿಗೆ ಬಲೆ ಬೇಕಾಗಿತ್ತು, ಇಲ್ಲದಿದ್ದರೆ ಹಲ್ಲಿ ಮತ್ತೆ ಬಂದು ಸಂಸಾರ ಹೂಡುತ್ತಿತ್ತು. ಅಟ್ಟದಲ್ಲಿದ್ದ ಕರಿಮೆಣಸಿನ ಜರಡಿಯನ್ನು ಕತ್ತರಿಸಿ ಕೂರಿಸಿದೆ. ಅದು ಹಳೆಯ ಜರಡಿ ಎಂದುಕೊಂಡಿದ್ದೆ. ಅಲ್ಲ ಎಂದು ಕೊಯ್ಲಿನ ಹೊತ್ತಿಗೆ ಅಮ್ಮನಿಗೆ ಗೊತ್ತಾಗಿ ಮೂರು ದಿನ ನನಗೆ ಮಂಗಳಾರತಿಯಾಯಿತು.

ಬಣ್ಣ ಯಾವುದೋ ಎಸ್ಟೇಟಿನ ಜೀಪಿಗೆ ತಂದು ಉಳಿದದ್ದು, ಕಾಫಿ ಎಲೆಯಂಥ ಗಾಢ ಹಸಿರು. ಕೋಟ್ ಎಂಬ ಮಾತು ಮಾವನ ಬಾಯಲ್ಲಿ ಇರಲಿಲ್ಲ. ಮೊದಲನೇ ಕೈ, ಎರಡನೇ ಕೈ ಎನ್ನುತ್ತಿದ್ದರು. ಮಳೆಗಾಲದಲ್ಲಿ ಬಣ್ಣ ಹೊಡೆಯಬಾರದು, ತಡಿ ಎಂದರು. ನನಗೆ ತಡೆಯಲಾಗಲಿಲ್ಲ. ಸುರಿಯುವ ಆಗಸ್ಟಿನಲ್ಲಿ ಮೊದಲನೇ ಕೈ ಹೊಡೆದೆ. ತೇವಕ್ಕೆ ಬಣ್ಣವೆಲ್ಲ ಬಿಳಿಚಿಕೊಂಡು ಬೂದಿ ಬಳಿದ ಹಾಗಾಯಿತು. ತಿಕ್ಕಿ ತೆಗೆದು ಮತ್ತೆ ಹೊಡೆದು, ಈ ಸಲ ದೊಡ್ಡಪ್ಪನ ಮನೆಯ ಏಲಕ್ಕಿ ಒಣಗಿಸುವ ಕೋಣೆಯಲ್ಲಿ, ಏಲಕ್ಕಿ ತಟ್ಟೆಗಳ ಪಕ್ಕದಲ್ಲಿ ಇಟ್ಟೆ. ಎರಡನೇ ಕೈ ಕೂಡ ಅಲ್ಲೇ ಒಣಗಿತು. ಆ ಬಿಸಿಗೆ ಬಣ್ಣ ಕನ್ನಡಿಯ ಹಾಗೆ ಕೂತಿತು. ಡಬ್ಬದಿಂದ ಎಷ್ಟೋ ದಿನ ಏಲಕ್ಕಿ ವಾಸನೆ ಬರುತ್ತಿತ್ತು. ದೊಡ್ಡಪ್ಪನ ಏಲಕ್ಕಿಯಿಂದ ಯಾವ ವಾಸನೆ ಬಂತೋ, ಅವರು ಇವತ್ತಿಗೂ ಹೇಳಿಲ್ಲ.

ಮಾವ ಡಬ್ಬವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರಿಗೊಂದು ಅಭ್ಯಾಸವಿತ್ತು. ಯಾವ ಗಾಡಿಗೆ ಬಣ್ಣ ಹೊಡೆದರೂ ಬಾನೆಟ್ಟಿನ ಒಳಗೆ, ಯಾರೂ ನೋಡದ ಕಡೆ, ಹಸಿ ಬಣ್ಣದಲ್ಲಿ ತಮ್ಮ ಹೆಬ್ಬೆರಳು ಒತ್ತುತ್ತಿದ್ದರು. ಮಾಡಿದವರ ಗುರುತು ಒಳಗೆ ಇರಬೇಕು ಎನ್ನುತ್ತಿದ್ದರು. ಕಿಟಕಿಯ ತಗಡಿನ ಒಳಮೈಗೆ ಒಂದು ಚಿಟಿಕೆ ಬಣ್ಣ ಹಾಕಿ ನನ್ನ ಹೆಬ್ಬೆರಳು ಒತ್ತಿಸಿದರು. ಮಾಗಿದ ಗಾಯದ ಗೆರೆ ಅಡ್ಡಲಾಗಿ ಮೂಡಿತು. ನೀವೂ ಒತ್ತಿ ಮಾವ ಎಂದೆ. "ನಂದ್ಯಾಕೆ? ಇದ್ರಲ್ಲಿ ನನ್ನ ಕೈ ಏನೂ ಇಲ್ಲ. ನಂದು ಬರೀ ಬಾಯಿ" ಎಂದರು. ಮೂರನೇ ಕೈ ಬಿಸಿಲು ಬಂದ ಮೇಲೆ ಹೊಡೆಯೋಣ ಎಂದು ಉಳಿದ ಬಣ್ಣದ ಡಬ್ಬಿಯನ್ನು ಶೆಡ್ಡಿನ ಹಲಗೆಯ ಮೇಲೆ ಎತ್ತಿಟ್ಟರು.

ಕುಶಾಲನಗರದ ಕಡೆ ಕಂಪ್ಯೂಟರ್ ಅಂಗಡಿ ಇಟ್ಟಿದ್ದವರೊಬ್ಬರು ವ್ಯಾನಿನ ನೆಗ್ಗು ತೆಗೆಸಲು ಬರುವವರಿದ್ದರು. ಅಂಗಡಿಯಲ್ಲಿ ಕೂತು ಕಂಪ್ಯೂಟರ್ ಜೋಡಿಸುವುದಕ್ಕೆ, ರಿಪೇರಿಗೆ ಅವರಿಗೊಬ್ಬರು ಬೇಕಾಗಿದ್ದಾರೆ ಎಂಬ ಸುದ್ದಿಯನ್ನು ತಂದದ್ದೂ ಮಾವನೇ, ಉಪಾಯ ಹೂಡಿದ್ದೂ ಮಾವನೇ. "ನಿನ್ನ ಡಬ್ಬ ಮುಂದೇನೇ ಇಟ್ಟಿರಾನ. ಕಣ್ಣಿಗೆ ಬಿದ್ರೆ ಕೇಳೇ ಕೇಳ್ತಾರೆ. ಆಗ ಇವ್ಳೇ ಮಾಡಿದ್ದು ಅಂತ ನಾನು ಹೇಳ್ತೀನಿ ಬಿಡು, ನೀನು ಸುಮ್ನೆ ನಿಂತಿರು." ಅಮ್ಮನಿಗೆ ಈ ಕೆಲಸ ಇಷ್ಟವಿರಲಿಲ್ಲ. ಆದರೆ ಅಂಗಡಿಯವರೇ ಕರೆದರೆ ಬೇಡ ಎನ್ನುವುದಿಲ್ಲ ಎಂದು ಒಪ್ಪಿದ್ದಳು. ನಾನು ಹಿಂದಿನ ದಿನವೇ ಚೂಡಿದಾರ್ ಇಸ್ತ್ರಿ ಮಾಡಿಟ್ಟೆ.

ಅಂಗಡಿಯವರು ಬಂದರು. ಮಾವ ಎಣಿಸಿದ ಹಾಗೆಯೇ ಡಬ್ಬ ಕಣ್ಣಿಗೆ ಬಿತ್ತು. ಕೂತುಕೊಂಡು ಕಿಟಕಿಯ ಅಂಚನ್ನು ಬೆರಳಿನಿಂದ ಸವರಿದರು, ಜರಡಿಯ ಬಲೆ ನೋಡಿ ತಲೆದೂಗಿದರು. "ಯಾರ ಕೈ ಇದು? ಭಾರಿ ನೀಟಾಗಿದೆಯಲ್ಲ" ಎಂದರು.

"ನಮ್ದೇ" ಎಂದರು ಮಾವ.

ನಮ್ಮದು ಎಂದರೆ ನನ್ನದೂ ಸೇರಿತು, ಈಗ ಹೇಳುತ್ತಾರೆ ಎಂದುಕೊಂಡೆ. "ಕಟಿಂಗೂ ನೀವೇನಾ?" ಎಂದು ಅಂಗಡಿಯವರು ಮತ್ತೆ ಕೇಳಿದರು. ಮಾವ ಒಂದು ಗಳಿಗೆ ಹಳೆಯ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. "ಹೂಂ, ಕಟಿಂಗೂ ನಂದೇ." ಅಂಗಡಿಯವರ ಕಣ್ಣು ನನ್ನ ಕಡೆ ತಿರುಗಿತು. "ಇವ್ಳು ಪಕ್ಕದ್ಮನೆ ಹುಡ್ಗಿ" ಎಂದರು ಮಾವ. "ಸುಮ್ನೆ ನೋಡಕ್ಕೆ ಬತ್ತಾಳೆ."

ಸುಮ್ನೆ ನೋಡಕ್ಕೆ ಬತ್ತಾಳೆ...

ಸ್ಕ್ರೂಡ್ರೈವರ್ ನನ್ನ ಕೈಯಲ್ಲೇ ಇತ್ತು. ಎರಡು ಸ್ಕ್ರೂ ಬಿಚ್ಚಿದ್ದರೆ ನನ್ನ ಹೆಬ್ಬೆರಳು ಎದುರಿಗೇ ಇರುತ್ತಿತ್ತು. ಬಿಚ್ಚಲಿಲ್ಲ. ದೊಡ್ಡವರ ಮಾತಿಗೆ ಎದುರಾಡಬಾರದು ಎಂದಲ್ಲ, ಅಷ್ಟು ಒಳ್ಳೆಯವಳೇನೂ ನಾನಲ್ಲ. ಕಿವಿಗೆ ಬಿದ್ದದ್ದನ್ನು ನಂಬಲಾಗಲಿಲ್ಲ. ನಂಬಿಕೆ ಬಂದು ಬಾಯಿ ತೆರೆಯುವಷ್ಟರಲ್ಲಿ ಅವರು ವ್ಯಾನಿನ ಬಳಿ ಬಣ್ಣದ ಮಾತು ಆಡುತ್ತಿದ್ದರು.

ವ್ಯಾನು ಹೋದ ಮೇಲೆ ಯಾಕೆ ಮಾವ ಎಂದು ಕೇಳಿದೆ. ಅವರು ನನ್ನ ಮುಖ ನೋಡದೆ ಹೇಳಿದರು. "ಅವ್ರು ನಂಬಲ್ಲ ಕಣಮ್ಮ. ಹೆಣ್ಮಗು ಗ್ರೈಂಡರ್ ಹಿಡಿದ್ಲು ಅಂದ್ರೆ ಏನಂತಾರೆ? ಈ ಶೆಡ್ಡಲ್ಲಿ ಯಾರ್ಯಾರೋ ಕೆಲ್ಸ ಮಾಡ್ತಾರೆ ಅಂತ ನನ್ ಕೆಲ್ಸಾನೂ ನಂಬಲ್ಲ." ಡಬ್ಬ ಎತ್ತಿಕೊಂಡೆ. ಅದು ಭಾರವಿತ್ತು, ಅವರು ಒಂದು ಕಡೆ ಹಿಡಿಯಲು ಬಂದರು. ನಾನು ಕೊಡಲಿಲ್ಲ. ಬೇಲಿ ದಾಟುವಾಗ ಒಂದು ಮೂಲೆ ಕಲ್ಲಿಗೆ ತಾಗಿ ಬಣ್ಣ ಕಿತ್ತುಬಂತು.

ನಾನೇ ಬಸ್ಸು ಹತ್ತಿ ಆ ಅಂಗಡಿಗೆ ಹೋಗಬಹುದಿತ್ತಲ್ಲ ಎಂದು ಓದುವವರು ಕೇಳಬಹುದು. ಹೋಗಿ ಏನೆಂದು ಹೇಳಲಿ? ನೋಡಲು ಬರುತ್ತಿದ್ದ ಹುಡುಗಿ ನಾನೇ, ಆ ಕೆಲಸವೂ ನನ್ನದೇ ಎಂದೇ? ಆ ಜಾಗಕ್ಕೆ ತಿಂಗಳೊಳಗೆ ಬೇರೆ ಯಾರೋ ಬಂದರು. ಮಾವನ ಶೆಡ್ಡಿನ ಬೋರ್ಡಿನಲ್ಲಿ ಹೊಸದೊಂದು ಸಾಲು ಬಂತು: ಕಂಪ್ಯೂಟರ್ ಕ್ಯಾಬಿನೆಟ್‌ಗಳಿಗೆ ಪೇಂಟಿಂಗ್ ಮಾಡಿಕೊಡಲಾಗುವುದು. ಎಸ್ಟೇಟಿನ ಕೆಲಸಕ್ಕೆ ಸೇರಿದ ಮೇಲೆ ದಿನಾ ಆ ಬೋರ್ಡಿನ ಎದುರಿಗೇ ಬಸ್ಸಿಗೆ ಕಾದೆ. ಎರಡು ಮಳೆಗಾಲಕ್ಕೆ ಆ ಸಾಲು ಮಾಸಿತು, ಅವರು ಮತ್ತೆ ಬರೆಸಲಿಲ್ಲ. ನಾನು ಬೇಲಿಯ ಬಳಿ ಬಟ್ಟೆ ಹರವುವಾಗ ಅವರು ಆಚೆ ಕಡೆ ಕೆಮ್ಮುತ್ತಿದ್ದರು. ಏನೋ ಹೇಳಲು ಹೊರಟವರ ಕೆಮ್ಮು ಅದು. ನಾನು ಬಟ್ಟೆಯನ್ನು ಬೇಗ ಬೇಗ ಹರವಿ ಒಳಗೆ ಬರುತ್ತಿದ್ದೆ.

ಅವರು ತೀರಿಕೊಂಡ ದಿನ ಹೋಗಿದ್ದೆ. ಹೋಗದಿದ್ದರೆ ನಾಲ್ಕು ಜನ ಮಾತಾಡುತ್ತಾರೆ ಎಂದೇ ಹೋದದ್ದು. ಎದೆಯ ಮೇಲೆ ಎರಡೂ ಹೆಬ್ಬೆರಳುಗಳನ್ನು ಸೇರಿಸಿ ದಾರದಿಂದ ಕಟ್ಟಿದ್ದರು. ಬಲಗೈ ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ ಹಾಗೆಯೇ ಇತ್ತು. ಎಲ್ಲರೂ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ, ಆ ಕೈಯನ್ನೇ ನೋಡುತ್ತ ನಿಂತಿದ್ದೆ...

ಮೊನ್ನೆ ಭಾನುವಾರ ಬೆಳಿಗ್ಗೆ ಅಟ್ಟದಿಂದ ಡಬ್ಬವನ್ನು ಇಳಿಸಿ ಜಗಲಿಗೆ ತಂದೆ. ಕೈಯಿಂದ ಆ ಥಿನ್ನರ್ ವಾಸನೆ ಹೋಗಿರಲಿಲ್ಲ, ಅಷ್ಟೆ. ಮೂಲೆಯಲ್ಲಿ ಕಿತ್ತುಬಂದಲ್ಲಿ ತುಕ್ಕು ಹತ್ತಿತ್ತು. ಉಳಿದ ಹಸಿರು ಧೂಳು ಒರೆಸಿದರೆ ಇನ್ನೂ ಹೊಳೆಯುತ್ತದೆ. ಎರಡು ಸ್ಕ್ರೂ ಬಿಚ್ಚಿ ತಗಡನ್ನು ತಿರುಗಿಸಿದೆ. ಹೆಬ್ಬೆರಳು ಅಲ್ಲೇ ಇತ್ತು, ಗಾಯದ ಗೆರೆಯೂ ಇತ್ತು. ಆಮೇಲೆ ಅತ್ತೆ ಕೊಟ್ಟ ಚೀಲದಿಂದ ಬಣ್ಣದ ಡಬ್ಬಿ ತೆಗೆದೆ. ಮುಚ್ಚಳದ ಮೇಲೆ ಅಂಟಿಸಿದ್ದ ಕಾಗದದ ಟೇಪಿನಲ್ಲಿ ಮಾವನ ವಕ್ರ ಅಕ್ಷರಗಳಿದ್ದವು. ಹುಡುಗಿ ಡಬ್ಬ. ಮೂರನೇ ಕೈ.

ಹದಿನಾರು ವರ್ಷ ಎತ್ತಿಟ್ಟಿದ್ದರು. ಅದನ್ನು ಓದಿ ಕರಗಿಹೋದೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ನನಗೆ ಬಂದದ್ದು ಹೊಸ ಸಿಟ್ಟು. ಮುಚ್ಚಳ ಮೀಟಿ ತೆಗೆದೆ. ವಾಸನೆಯಿತ್ತು, ಬಣ್ಣ ಮಾತ್ರ ಒಣಗಿ ಕಲ್ಲಾಗಿತ್ತು. ಸ್ಕ್ರೂಡ್ರೈವರ್ ಚುಚ್ಚಿದರೂ ಇಳಿಯಲಿಲ್ಲ.

ಅಷ್ಟರಲ್ಲಿ ಅತ್ತೆ ಕರಿಬೇವು ಕೇಳಿಕೊಂಡು ಬಂದರು. ಡಬ್ಬವನ್ನು ನೋಡಿ ಜಗಲಿಯ ಅಂಚಿಗೆ ಕೂತು, ಕಿಟಕಿಯ ಅಂಚನ್ನು ಮೆಲ್ಲಗೆ ಸವರಿದರು. ಇನ್ನು ಇವರೂ ಮಾವನ ಕೈಯನ್ನು ಹೊಗಳುತ್ತಾರೆ ಎಂದುಕೊಂಡೆ. ಈ ಸಲ ಸುಮ್ಮನಿರಬಾರದು ಎಂದು ನಾನೇ ಮೊದಲು ಹೇಳಿದೆ. "ಅತ್ತೆ, ಇದನ್ನ ಮಾವ ಮಾಡಿದ್ದಲ್ಲ. ನಾನು ಮಾಡಿದ್ದು."

ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದರು. "ಅದು ಯಾರಿಗೆ ಗೊತ್ತಿಲ್ಲ? ಮನೆಗೆ ಬಂದೋರ ಹತ್ರ ಎಲ್ಲಾ ಹೇಳೋರು. ಪಕ್ಕದ್ಮನೆ ಹುಡ್ಗಿ ಕೈ ನೋಡ್ಬೇಕು, ನನಗೂ ಬರಲ್ಲ ಆ ಥರ ಕಟಿಂಗು ಅನ್ನೋರು. ನಿಂಗೆ ಹೇಳಿರ್ಲಿಲ್ವಾ?"

ಇಲ್ಲ ಎಂದೆ.

ಎಲ್ಲರ ಹತ್ತಿರವೂ ಹೇಳಿದ್ದರಂತೆ. ಹೇಳಿದ್ದರೆ ನನ್ನ ಬದುಕು ಬೇರೆಯಾಗಬಹುದಾಗಿದ್ದ ಆ ಒಬ್ಬರ ಎದುರು, ಆ ಒಂದು ದಿನ ಮಾತ್ರ ಕೈಕೊಟ್ಟರು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನು ತಗಡನ್ನು ಮತ್ತೆ ಕೂರಿಸಿ ಎರಡೂ ಸ್ಕ್ರೂ ಬಿಗಿಮಾಡಿದೆ, ಕರಿಬೇವು ಕೊಯ್ಯಲು ಹಿತ್ತಲಿಗೆ ಹೋದೆ.