ಮರಿಗಳು ಕಾದ ಶನಿವಾರ

ಚನ್ನಗಿರಿಯಿಂದ ಬಸವಾಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿ ಸಾಹುಕಾರ ಶಿವಮೂರ್ತಪ್ಪನವರ ಕೋಳಿಮರಿ ಕೇಂದ್ರವಿದೆ. ಯಂತ್ರದಲ್ಲಿ ಮೊಟ್ಟೆಗೆ ಕಾವು ಕೊಟ್ಟು, ಹುಟ್ಟಿದ ದಿನವೇ ಮರಿಗಳನ್ನು ಸಾಕುವವರಿಗೆ ಕಳಿಸುವ ಜಾಗ. ನ್ಯಾಮತಿಯಿಂದ ಮದುವೆಯಾಗಿ ಬಂದ ಹೇಮಾವತಿ ಇಲ್ಲಿಗೆ ಸೇರಿದ್ದು ಮೊಟ್ಟೆ ಒರೆಸುವ ಕೆಲಸಕ್ಕೆ. ಹತ್ತೊಂಬತ್ತು ವರ್ಷ ಕಳೆಯುವಷ್ಟರಲ್ಲಿ ಕಂಪ್ಯೂಟರ್ ಕೋಣೆಯ ಯಜಮಾನಿಯಾದಳು. ಓದಿದ್ದು ಪಿಯುಸಿ. ಆದರೆ ಕಲಿಯುವ ಹಟವಿತ್ತು, ಕಲಿಸುವವರ ಪ್ರಾಣ ತಿನ್ನುವ ಹಟವೂ ಇತ್ತು.

ಆ ಕಂಪ್ಯೂಟರ್ ಮೇಜಿನ ಮೇಲೆ ಕೂರುವಂಥದ್ದಲ್ಲ. ಮುಚ್ಚಿಹೋದ ಗಿರಣಿಯೊಂದರಿಂದ ಸಾಹುಕಾರರು ತಂದ, ಟ್ರಂಕಿನಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಪರದೆಯ ಮೇಲೆ ಹಸಿರು ಅಕ್ಷರ ಬಿಟ್ಟರೆ ಬೇರೆ ಅಲಂಕಾರವಿಲ್ಲ. ಒಮ್ಮೆ ಕೆಲಸ ಒಪ್ಪಿಸಿದರೆ ಸಾಕು, ಎದುರಿಗೆ ಯಾರೂ ಕೂರದೆ ತನ್ನಷ್ಟಕ್ಕೆ ಮಾಡಿ ಮುಗಿಸುತ್ತದೆ. ಯಾವ ತಟ್ಟೆಯ ಮರಿ ಯಾವ ಊರಿಗೆ, ಎಷ್ಟು, ಯಾವ ಲಸಿಕೆ ಆಗಿದೆ ಎಂದು ಹಂಚಿ ಚೀಟಿ ಮುದ್ರಿಸುವುದು ಅದರ ದಿನದ ಕೆಲಸ. ಯಾವ ಪೆಟ್ಟಿಗೆ ಯಾರಿಗೆಂದು ಚಾಲಕರಿಗೆ ಗೊತ್ತಾಗುವುದು ಅದರಿಂದಲೇ; ಚೀಟಿ ಇಲ್ಲದೆ ವ್ಯಾನು ಗೇಟು ದಾಟುವಂತಿರಲಿಲ್ಲ.

ಸಾಹುಕಾರರಿಗೆ ರಾಹುಕಾಲವೆಂದರೆ ಭಯ. ಆ ಹೊತ್ತಿನಲ್ಲಿ ಚೀಟಿ ಹೊರಗೆ ಬರಬಾರದು. "ಹೇಮಾವತಮ್ಮ, ಒಂಚೂರು ತಡೀರಿ" ಎಂದು, ಬೆಳಗ್ಗೆ ರಾಹುಕಾಲ ಬೀಳುವ ದಿನಗಳಲ್ಲಿ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ನೋಡಿ ನೋಡಿ ಸಾಕಾಗಿ, ಅವಳು ಆ ಕೆಲಸದ ಮೊದಲಿಗೇ ಒಂದು ಸಾಲು ಸೇರಿಸಿಬಿಟ್ಟಳು: ಇಂಥ ಗಂಟೆಯವರೆಗೆ ಮಲಗಿರು, ಆಮೇಲೆ ಎದ್ದು ಹಂಚು. ಆಯಾ ದಿನಕ್ಕೆ ಆಯಾ ಗಂಟೆ, ಶನಿವಾರವಾದರೆ ರಾಹುಕಾಲ ಮುಗಿಯುವ ಹತ್ತೂವರೆ. ಎಂಟಕ್ಕೇ ಒಪ್ಪಿಸಿ ತಾನು ತಟ್ಟೆ ತೊಳೆಸಲು ಹೋಗುತ್ತಿದ್ದಳು. ನಾಲ್ಕು ವರ್ಷ ಯಾರಿಗೂ ತಲೆನೋವಿರಲಿಲ್ಲ.

ಏಪ್ರಿಲ್‌ನ ಒಂದು ಶನಿವಾರ ಬೆಳಗ್ಗೆಯೇ ಕರೆಂಟು ಹೋಯಿತು. ಕಾವಿನ ಯಂತ್ರಗಳಿಗೆ ಜನರೇಟರ್ ಇತ್ತು, ಕಂಪ್ಯೂಟರಿಗಿರಲಿಲ್ಲ. ಕರೆಂಟು ಬಂದು, ಅದು ಎದ್ದು, ಅವಳು ಲೆಕ್ಕ ತುಂಬಿ ಒಪ್ಪಿಸುವಾಗ ಹತ್ತು ಮೂವತ್ತನಾಲ್ಕು. ಹೊನ್ನಾಳಿ, ನ್ಯಾಮತಿ, ಜಗಳೂರು, ಮೂರೂ ಕಡೆಯ ವ್ಯಾನುಗಳಿಗೆ ಆಗಲೇ ಎಂಟು ಸಾವಿರ ಮರಿ ತುಂಬಿಯಾಗಿತ್ತು. ಕೆಲಸ ಕಾಯುತ್ತಿದೆ ಎಂದು ಪರದೆ ತೋರಿಸಿತು. ಪ್ರತಿ ಶನಿವಾರ ತೋರಿಸುವುದೂ ಅದನ್ನೇ. ಇನ್ನೇನು ಏಳುತ್ತದೆ ಎಂದುಕೊಂಡಳು.

ಹತ್ತೂಮುಕ್ಕಾಲಾಯಿತು, ಹನ್ನೊಂದಾಯಿತು. ಪ್ರಿಂಟರಿನ ಕಾಗದ ತೆಗೆದು ಹಾಕಿದಳು, ವೈರು ಅಲ್ಲಾಡಿಸಿದಳು. ಜಗಳೂರು ವ್ಯಾನಿನ ಚಾಲಕ ಆಂಜನೇಯ ಕಿಟಕಿಗೆ ಬಂದ.

"ಹೇಮಕ್ಕ, ಮರಿ ಬಾಯಿ ಬಿಡ್ತಾವೆ. ಗಾಡಿ ಓಡಿದ್ರೆ ಗಾಳಿ ಆಡ್ತೈತೆ, ನಿಂತ್ರೆ ಒಳಗೇ ಬೇಯ್ತಾವೆ. ಹೆಂಗೆ ಮಾಡ್ಲಿ?"

"ಮೇಲಿನ ಪೆಟ್ಟಿಗೆ ನೆರಳಿಗೆ ಇಳಿಸಪ್ಪ. ಸಾವ್ಕಾರ್ರಿಗೆ ಹೇಳು, ಗೋಣಿಚೀಲ ನೆನೆಸಿ ಗಾಡಿ ಮೇಲೆ ಹಾಕಾಕೆ."

ಸಂಬಳ, ಹೆಸರು ಯಾವುದೂ ಅವಳ ತಲೆಗೆ ಬರಲಿಲ್ಲ. ಬೆಳಗ್ಗೆ ಅಂಗೈಯಲ್ಲಿ ಹಿಡಿದು ನೋಡಿದ್ದ ಮರಿಗಳು ತನ್ನಿಂದ ಸಾಯುತ್ತವಲ್ಲ ಎಂಬುದೊಂದೇ. ಕುರ್ಚಿಗೆ ಕೂತು, ಆ ಕೆಲಸದ ವಿವರವನ್ನು ತೆರೆದು ಸಾಲು ಸಾಲಾಗಿ ಓದಿದಳು. ಏಳುವ ಹೊತ್ತು: ಹತ್ತೂವರೆ. ಪಕ್ಕದಲ್ಲಿ ತಾರೀಖು. ನಾಳೆಯದು.

ಆಗ ತಿಳಿಯಿತು. ಹತ್ತೂವರೆಗೆ ಏಳು ಎಂದಿದ್ದಳೇ ಹೊರತು ಯಾವ ದಿನದ ಹತ್ತೂವರೆ ಎಂದಿರಲಿಲ್ಲ. ಒಪ್ಪಿಸುವಾಗಲೇ ಇವತ್ತಿನದು ಕಳೆದಿದ್ದರಿಂದ ಮಹಾರಾಯ ನಾಳೆಯವರೆಗೆ ಮುಸುಕು ಹೊದ್ದು ಮಲಗಿದ್ದ. ಹೇಳಿದಷ್ಟು ಮಾಡುವ ಆಳು, ತಲೆ ಖರ್ಚು ಮಾಡುವುದು ಅವನ ಜಾಯಮಾನವಲ್ಲ. ಅವಳು ಆ ಕೆಲಸವನ್ನು ರದ್ದು ಮಾಡಿದಳು, ಕಾಯುವ ಸಾಲನ್ನು ಅಳಿಸಿದಳು, ಮತ್ತೆ ಒಪ್ಪಿಸಿದಳು. ಪ್ರಿಂಟರು ಕರಕರ ಶುರುಮಾಡಿತು. ಹನ್ನೊಂದೂವರೆಗೆ ಮೂರೂ ವ್ಯಾನು ಗೇಟು ದಾಟಿದವು.

ಶಿವಮೂರ್ತಪ್ಪನವರು ಒದ್ದೆ ಗೋಣಿಚೀಲ ಹಿಡಿದು ಅಂಗಳದಲ್ಲೇ ನಿಂತಿದ್ದರು. ಹೇಮಾವತಿ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. "ತಪ್ಪು ನಂದೇರೀ. ಹೊತ್ತು ದಾಟಿದ್ರೆ ಏನು ಮಾಡ್ಬೇಕು ಅಂತ ಅದಕ್ಕೆ ನಾನು ಬರೆದಿರಲಿಲ್ಲ."

ಅವರು ಗೋಣಿಚೀಲ ಹಿಂಡಿ ಗೋಡೆಯ ಮೇಲೆ ಹರಡಿದರು. "ಕಾಯಾಕೆ ಹೇಳಿದ್ದು ನಾನಲ್ಲೇನ್ರೀ?" ಎಂದರು. "ಆ ಸಾಲು ಮತ್ತೆ ಹಾಕಬ್ಯಾಡ್ರಿ."

ಹೊನ್ನಾಳಿಯಿಂದ, ನ್ಯಾಮತಿಯಿಂದ ಒಂದೂವರೆಯೊಳಗೆ ಫೋನ್ ಬಂತು, ಮರಿ ಚೆನ್ನಾಗಿವೆ ಎಂದು. ಉಳಿದದ್ದು ಜಗಳೂರಿನ ಆಚೆಯ ಸೊಕ್ಕೆ, ಎಲ್ಲಕ್ಕಿಂತ ದೂರದ್ದು. ಹೇಮಾವತಿಗೆ ಊಟ ಸೇರಲಿಲ್ಲ. ಸಾಹುಕಾರರೂ ಮನೆಗೆ ಹೋಗದೆ ಕಂಪ್ಯೂಟರ್ ಕೋಣೆಯಲ್ಲೇ ಕೂತರು. ಮೂರು ಗಂಟೆ ದಾಟಿದ ಮೇಲೆ, ಅಲ್ಲಿ ಮರಿ ಸಾಕುವ ಸುಂಕಲಮ್ಮನ ಫೋನು ಬಂತು.

"ಹೇಮಕ್ಕ, ಎಲ್ಲಾ ಇಳಿಸ್ಕಂಡೆ ಕಣಕ್ಕ. ಒಂದಷ್ಟು ಸೋತು ಮಲಗಿದ್ವು, ನೀರು ಕುಡಿಸಿದ ಮೇಲೆ ಎದ್ದು ಓಡಾಡ್ತಾವೆ. ಒಂದೂ ಸತ್ತಿಲ್ಲ."

ಹೇಮಾವತಿಯ ಕಣ್ಣಲ್ಲಿ ಧಾರೆ. ಅದನ್ನು ಕಂಡು ಸಾಹುಕಾರರ ಮುಖ ಬಿಳಿಚಿಕೊಂಡಿತು. ಅವಳು ಬಾಯಿ ಬಿಟ್ಟು ಹೇಳುವ ಬದಲು ಫೋನನ್ನು ಅವರ ಕಿವಿಗೆ ಕೊಟ್ಟಳು. ಆಚೆಯಿಂದ ಎರಡೂವರೆ ಸಾವಿರ ಮರಿಗಳ ಚಿಲಿಪಿಲಿ. ಸಾಹುಕಾರರು ಕಣ್ಣು ಮುಚ್ಚಿ ಕೇಳಿದರು.

"ತಂಗೀ, ಫೋನ್ ಇಡಬ್ಯಾಡಮ್ಮ," ಎಂದರು. "ಇನ್ನೊಂಚೂರು ಕೇಳ್ತೀನಿ."